ಆಡುಸೋಗೆಯೂ ಎರಡು ವಾರದ ಕೆಮ್ಮೂ
(ನವನಗರದಲ್ಲಿ ಸ್ವಸಹಾಯ ಸಂಘಗಳ ತಾಯಂದಿರ ಸಭೆಯಲ್ಲಿ ಆಡಿದ ಮಾತು)



ಇವತ್ತು ನಾವು ಒಂದು ಟೊಂಗೆ ಹಿಡಿದುಕೊಂಡು ಬಂದಿದ್ದೇವೆ. ನೋಡಿದ ಕೂಡಲೇ ಹಿಂದಿನ ಸಾಲಿನ ಅಮ್ಮಾರು "ಆಡುಸೋಗಿ!" ಅಂದ್ರು. ಹೌದ್ರಿ, ಅದೇ. ಉದ್ದನೆಯ ಎಲೆ, ಬಿಳಿ ಹೂವು, ಒಳಗೆ ನೇರಳೆ ಗೀರು. ಆಡು ಮುಟ್ಟದ ಸೊಪ್ಪಿಲ್ಲ ಅಂತ ಗಾದೆ ಐತಿ, ಆದರ ಇದನ್ನ ಆಡೂ ಮುಟ್ಟೂದಿಲ್ಲ, ಅಷ್ಟು ಕಹಿ. ತಮಿಳರು ಆಡಾತೋಡೈ ಎನ್ನುತ್ತಾರೆ. ಸಸ್ಯಶಾಸ್ತ್ರಜ್ಞರ 'ಅಧತೋಡ' ಎಂಬ ಹೆಸರು ಅಂಥ ನಮ್ಮ ಕಡೆಯ ಹೆಸರಿನಿಂದಲೇ ಹುಟ್ಟಿದ್ದು. ದನಕರು ತಿನ್ನುವುದಿಲ್ಲವೆಂದೇ ಹಿರಿಯರು ಇದನ್ನು ಬೇಲಿಗೆ ನೆಟ್ಟರು.

ಕೆಮ್ಮಿಗೆ ಇದರ ಉಪಯೋಗ ನಿಮಗೆ ನಾವು ಕಲಿಸಬೇಕಾಗಿಲ್ಲ. ನಾಲ್ಕೈದು ಎಲೆ, ಶುಂಠಿ, ಮೆಣಸು, ಒಂದು ತುಣುಕು ಬೆಲ್ಲ ಹಾಕಿ ನೀರು ಅರ್ಧಕ್ಕೆ ಇಳಿಯುವವರೆಗೆ ಕುದಿಸಿದರೆ ಕಷಾಯ. ಕೆಲವರು ಎಲೆಯನ್ನು ಹಂಚಿನ ಮೇಲೆ ಬಾಡಿಸಿ, ರಸ ಹಿಂಡಿ, ಜೇನಿನಲ್ಲಿ ಕೊಡುತ್ತಾರೆ. ಇದು ಬರೀ ನಂಬಿಕೆಯಲ್ಲ. ಎಲೆಯಲ್ಲಿ ವ್ಯಾಸಿಸಿನ್ ಎಂಬ ಅಂಶವಿದೆ. ಅದನ್ನೇ ಆಧಾರವಾಗಿಟ್ಟುಕೊಂಡು ಬ್ರೋಮ್‌ಹೆಕ್ಸಿನ್ ಎಂಬ ಕಫ ಕರಗಿಸುವ ಔಷಧಿ ತಯಾರಾಯಿತು. ಅಂಗಡಿಯ ಎಷ್ಟೋ ಕೆಮ್ಮಿನ ಸಿರಪ್ಪಿನಲ್ಲಿ ಇರುವುದು ಅದೇ. ಅವ್ವನ ಕಷಾಯಕ್ಕೆ ನಾಚಿಕೊಳ್ಳಬೇಕಾದ್ದೇನೂ ಇಲ್ಲ.

ಆದರೆ ಬಸುರಿ ಹೆಣ್ಣುಮಕ್ಕಳಿಗೆ ಇದನ್ನು ಕೊಡಲೇಬಾರದು. ಗರ್ಭಕೋಶವನ್ನು ಹಿಂಡುವ ಗುಣ ಇದಕ್ಕಿದೆ. ವರ್ಷ ತುಂಬದ ಕೂಸಿಗೆ ಜೇನೂ ಬೇಡ.

ಈಗ ನಮ್ಮದೇ ತಪ್ಪೊಂದನ್ನು ಹೇಳಬೇಕು. ಸಂಘದ ತಾಯಿಯೊಬ್ಬರು ಕೆಮ್ಮುತ್ತ ಸಭೆಗೆ ಬರುತ್ತಿದ್ದರು. "ಬಿಡ್ರಿ ಅಕ್ಕಾರ, ಬರೇ ಕೆಮ್ಮು" ಅನ್ನುತ್ತಿದ್ದರು. ನಾವೇ ಎಲೆ ತಂದುಕೊಟ್ಟೆವು. ಕುಡಿದಾಗ ಹಗುರಾಯಿತು, ಕಫ ಸಡಿಲಾಯಿತು. ಮತ್ತೆ ಕೆಮ್ಮು, ಮತ್ತೆ ಕಷಾಯ. ಸಂಜೆಗೆ ಸಣ್ಣ ಜ್ವರ, ಕುಪ್ಪಸ ಸಡಿಲು. ಇನ್ನೊಂದು ವಾರ ನೋಡೋಣ ಎಂದವರೂ ನಾವೇ. ಹೀಗೆ ಎರಡು ತಿಂಗಳು ಹೋಯಿತು. ಕೊನೆಗೆ ಕಫ ಪರೀಕ್ಷೆ ಮಾಡಿಸಿದಾಗ ಕ್ಷಯ. ಮನೆಯಲ್ಲಿ ಸಣ್ಣ ಮೊಮ್ಮಗಳು, ಅಜ್ಜಿಯ ಮಗ್ಗುಲಲ್ಲೇ ಮಲಗುವವಳು. ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ.

ಹಳೆಯ ವೈದ್ಯದಲ್ಲಿ ಆಡುಸೋಗೆಯನ್ನು ಕ್ಷಯಕ್ಕೂ, ಕಫದಲ್ಲಿ ರಕ್ತ ಬಿದ್ದರೂ ಕೊಡುತ್ತಿದ್ದರು. ಮೋಸ ಹೋಗುವುದು ಅಲ್ಲೇ. ಕಷಾಯ ಕೆಮ್ಮನ್ನು ಸಮಾಧಾನ ಮಾಡೀತು, ಕ್ಷಯದ ಮದ್ದು ಅದಲ್ಲ. ಆದ್ದರಿಂದ ಕೆಮ್ಮು ಎರಡು ವಾರ ದಾಟಿತೋ, ಕಫ ಪರೀಕ್ಷೆ ಮಾಡಿಸಿರಿ. ಕಫದಲ್ಲಿ ರಕ್ತ ಕಂಡರೆ ಎರಡು ವಾರವನ್ನೂ ಕಾಯಬೇಡಿರಿ. ನಮ್ಮ ಹತ್ತಿರದ ಸರಕಾರಿ ಆರೋಗ್ಯ ಕೇಂದ್ರ, ವಿದ್ಯಾನಗರದಲ್ಲಿ ನಾವೆಲ್ಲ ಕಿಮ್ಸ್ ಎಂದು ಕರೆಯುವ ದೊಡ್ಡಾಸ್ಪತ್ರೆ, ಎಲ್ಲಿಗೆ ಹೋದರೂ ಪರೀಕ್ಷೆ, ಗುಳಿಗೆ ಎರಡೂ ಪುಕ್ಕಟೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ದಿನಾ ಗುಳಿಗೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಗಾಬರಿಯಾಗಬೇಡಿರಿ, ಅದು ಗುಳಿಗೆಯ ಬಣ್ಣ. ಎರಡು ತಿಂಗಳಿಗೆ ಮೈ ಚೇತರಿಸಿತೆಂದು ಬಿಟ್ಟವರಿಗೆ ರೋಗ ಮರಳಿ ಬರಬಹುದು, ಆಮೇಲೆ ಅದೇ ಗುಳಿಗೆಗೆ ಬಗ್ಗದೆಯೂ ಇರಬಹುದು. ಊಟಕ್ಕೆಂದು ಸರಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು; 2024ರ ನವೆಂಬರಿನಿಂದ ಅದು 1000 ಆಗಿದೆ. ಹಣ ಬ್ಯಾಂಕ್ ಖಾತೆಗೆ ಬರುತ್ತದೆ. ಖಾತೆ ಇಲ್ಲದವರು ಇವತ್ತೇ ನಮಗೆ ಹೇಳಿರಿ.

ಸಿರಾಖ ಗ್ರಂಥದ 38ನೆಯ ಅಧ್ಯಾಯವನ್ನು ಮನೆಯಲ್ಲಿ ಓದಿರಿ. ಮಣ್ಣಿನಿಂದ ಬಂದ ಮದ್ದು, ಅದನ್ನು ಕೊಡುವ ವೈದ್ಯ, ಇಬ್ಬರನ್ನೂ ದೇವರ ಕೊಡುಗೆಯೆಂದೇ ಅಲ್ಲಿ ಎಣಿಸಲಾಗಿದೆ. ನಾವು ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟಿದ್ದೆವು.

ಆ ತಾಯಿ ಗುಳಿಗೆ ಪೂರ್ತಿ ಮುಗಿಸಿದರು. ಮೊಮ್ಮಗಳಿಗೆ ರೋಗವಿರಲಿಲ್ಲ, ಬಾರದಂತೆ ತಡೆಯುವ ಗುಳಿಗೆ ಕೊಟ್ಟರು. ಇವತ್ತಿನ ಈ ಟೊಂಗೆ ಅವರ ಹಿತ್ತಲಿನದೇ. ಮಳೆ ಹಿಡಿದ ಮೇಲೆ ಗೇಣುದ್ದದ ಕಡ್ಡಿ ನೆಟ್ಟರೂ ಚಿಗುರುತ್ತದೆ. ಬೇಕಾದವರು ಸಭೆ ಮುಗಿದ ಮೇಲೆ ಅವರನ್ನೇ ಕೇಳಿರಿ, ಅಲ್ಲೇ ಬಾಗಿಲ ಹತ್ತಿರ ಕೂತಾರ.