ಬಿಳಿ ಲಂಗಕ್ಕೆ ತೆತ್ತ ಬೆಲೆ

ಬ್ಯಾಲೆ ಎಂದೊಡನೆ ಕಣ್ಣ ಮುಂದೆ ಬರುವ ಚಿತ್ರ ಒಂದೇ. ಬಿಳಿಯ ಜಾಲರಿ ಲಂಗ ತೊಟ್ಟು ತುದಿಬೆರಳ ಮೇಲೆ ನಿಂತ ಹುಡುಗಿ. ಬ್ಯಾಲೆಯನ್ನು ಒಮ್ಮೆಯೂ ನೋಡದವರಿಗೂ ಈ ವೇಷ ಗೊತ್ತು. ಕೀಲಿ ಕೊಟ್ಟರೆ ಹಾಡುವ ಪೆಟ್ಟಿಗೆಯೊಳಗೆ ಗಿರ್ರನೆ ತಿರುಗುವ ಬೊಂಬೆಯೂ ಇದನ್ನೇ ತೊಟ್ಟಿರುತ್ತದೆ. ಆದರೆ ಬ್ಯಾಲೆ ರಂಗಮಂದಿರಕ್ಕೆ ಬಂದ ಹೊಸತರಲ್ಲಿ ಈ ಲಂಗವೂ ಇರಲಿಲ್ಲ, ಈ ಹುಡುಗಿಯೂ ಇರಲಿಲ್ಲ ಎಂದರೆ ನಂಬುತ್ತೀರಾ?

ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ 1653ರಲ್ಲಿ, ಇನ್ನೂ 14 ವರ್ಷದ ಹುಡುಗನಾಗಿದ್ದಾಗ, ಚಿನ್ನದ ಕಿರಣಗಳ ಉಡುಪು ತೊಟ್ಟು ಸೂರ್ಯನಾಗಿ ಕುಣಿದ. ‘ಸೂರ್ಯರಾಜ’ ಎಂಬ ಬಿರುದಿನಲ್ಲಿ ಆ ವೇಷದ ಪಾಲೂ ಇದೆ. ಪ್ಯಾರಿಸ್ ಒಪೆರಾದ ರಂಗದ ಮೇಲೆ ವೃತ್ತಿನರ್ತಕಿಯರು ಕಾಲಿಟ್ಟದ್ದು 1681ರಲ್ಲಿ. ಅಲ್ಲಿಯವರೆಗೆ ಹೆಣ್ಣಿನ ಪಾತ್ರವನ್ನೂ ಮುಖವಾಡ ತೊಟ್ಟ ಗಂಡಸರೇ ಮಾಡುತ್ತಿದ್ದರು. ಹೆಣ್ಣು ಬಂದಳು ನಿಜ, ಆದರೆ ಬಂದದ್ದು ಅರಮನೆಯ ಉಡುಪಿನಲ್ಲೇ. ನೆಲ ಗುಡಿಸುವ ಭಾರದ ಲಂಗ, ಹಿಮ್ಮಡಿ ಎತ್ತರಿಸಿದ ಷೂ. ಗಂಡು ನರ್ತಕ ಮೊಣಕಾಲವರೆಗಿನ ಉಡುಪಿನಲ್ಲಿ ಜಿಗಿದು ಚಪ್ಪಾಳೆ ಗಿಟ್ಟಿಸುತ್ತಿದ್ದರೆ, ಇವಳ ಪಾದದ ಕೆಲಸ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಇದಕ್ಕೆ ಮೊದಲು ಕತ್ತರಿ ಹಾಕಿದವಳು ಮಾರಿ ಕಮಾರ್ಗೊ. 1726ರಲ್ಲಿ ಪ್ಯಾರಿಸ್ಸಿನಲ್ಲಿ ರಂಗಪ್ರವೇಶ ಮಾಡಿದ ಈಕೆ, ಗಂಡಸರಷ್ಟೇ ಚುರುಕಾಗಿ ಗಾಳಿಯಲ್ಲಿ ಕಾಲು ಹೆಣೆಯಬಲ್ಲವಳು. ಅದು ಜನರಿಗೆ ಕಾಣಬೇಡವೇ? ಲಂಗದ ಅಂಚನ್ನು ಪಾದದ ಗಂಟಿಗಿಂತ ಕೊಂಚ ಮೇಲಕ್ಕೆ ಏರಿಸಿದಳು. ನಾಲ್ಕಾರು ಅಂಗುಲದ ಬಟ್ಟೆ, ಅಷ್ಟೆ. ಆದರೆ ಅದೇ ದೊಡ್ಡ ಸುದ್ದಿಯಾಯಿತು. ಆಕೆಯ ಪ್ರತಿಸ್ಪರ್ಧಿ ಮಾರಿ ಸಾಲೆ ಇನ್ನೂ ಮುಂದೆ ಹೋದಳು. 1734ರಲ್ಲಿ ಲಂಡನ್ನಿನಲ್ಲಿ ಲಂಗವನ್ನು ಉಬ್ಬಿಸುವ ಚೌಕಟ್ಟು ಕಿತ್ತುಹಾಕಿ, ಕೂದಲು ಬಿಚ್ಚಿ, ಬರಿಯ ಮಸ್ಲಿನ್ ಉಡುಪಿನಲ್ಲಿ ಕುಣಿದಳು.

ನಾವು ಇಂದು ಕಾಣುವ ಬಿಳಿ ಲಂಗದ ಜನ್ಮದಿನ ಮಾತ್ರ ಸ್ಪಷ್ಟವಾಗಿದೆ: 1832ರ ಮಾರ್ಚ್ 12. ಅಂದು ‘ಲಾ ಸಿಲ್ಫಿದ್’ ಬ್ಯಾಲೆಯಲ್ಲಿ ಮಾರಿ ತಾಲಿಯೋನಿ ಗಾಳಿದೇವತೆಯಾಗಿ ಬಂದಳು. ಗಂಟೆಯಾಕಾರದ, ಮಂಜಿನಷ್ಟು ಹಗುರಾದ ಲಂಗ. ತುದಿಬೆರಳ ಮೇಲೆ ನಡಿಗೆ. ಮೇಲೆ ಗ್ಯಾಸ್ ದೀಪದ ಮಬ್ಬು ಬೆಳಕು. ಇದರ ಹಿಂದೆ ಯಂತ್ರದ ಕೈವಾಡವೂ ಇತ್ತೆಂಬುದನ್ನು ಮರೆಯಬಾರದು. ಕೈಯಲ್ಲಿ ಹೆಣೆಯಬೇಕಾಗಿದ್ದ ಜಾಲರಿ ಬಟ್ಟೆಯನ್ನು ನೇಯುವ ಯಂತ್ರವನ್ನು ಇಂಗ್ಲೆಂಡಿನ ಜಾನ್ ಹೀತ್‌ಕೋಟ್ ಅದಕ್ಕೆ ಎರಡು ದಶಕ ಮೊದಲೇ ಕಂಡುಹಿಡಿದಿದ್ದ. ಟ್ಯೂಲ್ ಎಂಬ ಆ ಬಟ್ಟೆ ಅಗ್ಗವಾಯಿತು. ರಂಗದ ಮೇಲಿನ ಬಿಳುಪು ಮನೆಗಳಿಗೂ ಬಂತು. ಶ್ರೀಮಂತರ ನೃತ್ಯಕೂಟಗಳಲ್ಲಿ ತೆಳುವಾದ ಉಬ್ಬು ಲಂಗಗಳೇ ತುಂಬಿಕೊಂಡವು.

ಈ ಬಟ್ಟೆಗೆ ಒಂದು ಕೆಟ್ಟ ಗುಣವಿತ್ತು. ದಾರ ತೆಳು, ಎಳೆಗಳ ನಡುವೆ ಗಾಳಿ. ಕಿಡಿ ತಾಗಿದರೆ ಕ್ಷಣದಲ್ಲಿ ಭಗ್ಗೆನ್ನುತ್ತಿತ್ತು. ರಂಗದ ಅಂಚಿನಲ್ಲೋ ಸಾಲುಸಾಲು ಬರಿಜ್ವಾಲೆಯ ಗ್ಯಾಸ್ ದೀಪಗಳು. 1844ರ ಡಿಸೆಂಬರ್‌ನಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಕ್ಲಾರಾ ವೆಬ್‌ಸ್ಟರ್ ಎಂಬ ನರ್ತಕಿ ಪ್ರೇಕ್ಷಕರೆದುರೇ ಬೆಂಕಿಗೆ ಸಿಕ್ಕಿ, ಕೆಲವೇ ದಿನಗಳಲ್ಲಿ ತೀರಿಕೊಂಡಳು. ಮನೆಯೊಳಗಿನ ಹೆಂಗಸರಿಗೂ ಅಪಾಯ ತಪ್ಪಿರಲಿಲ್ಲ. ಅಮೆರಿಕದ ಕವಿ ಲಾಂಗ್‌ಫೆಲೋ ಅವರ ಪತ್ನಿ 1861ರಲ್ಲಿ ಸತ್ತದ್ದು ಉಡುಪಿಗೆ ಬೆಂಕಿ ಹತ್ತಿಯೇ.

ಪರಿಹಾರ ಇರಲಿಲ್ಲವೆಂದಲ್ಲ. ಕಾರ್ತೆರೋನ್ ಎಂಬಾತ ರೂಪಿಸಿದ್ದ ದ್ರಾವಣದಲ್ಲಿ ಅದ್ದಿದರೆ ಬಟ್ಟೆ ಸುಲಭಕ್ಕೆ ಉರಿಯುತ್ತಿರಲಿಲ್ಲ. 1859ರಲ್ಲಿ ಫ್ರಾನ್ಸಿನ ಸರ್ಕಾರ ಇದನ್ನು ಕಡ್ಡಾಯವನ್ನೇ ಮಾಡಿತು. ಆದರೆ ಅದ್ದಿದ ಬಟ್ಟೆ ಹೆಚ್ಚು ಗಂಜಿ ಹಾಕಿದಂತೆ ಬಿರುಸಾಗಿ, ಹಳದಿಗೆ ತಿರುಗುತ್ತಿತ್ತು. ನರ್ತಕಿಯರು ಒಲ್ಲೆವೆಂದರು. ಅವರಲ್ಲಿ ಎಮ್ಮಾ ಲಿವ್ರಿ ಒಬ್ಬಳು. 16ನೆಯ ವಯಸ್ಸಿಗೆ ರಂಗವೇರಿ, ತಾಲಿಯೋನಿಯ ನೆಚ್ಚಿನ ಶಿಷ್ಯೆಯಾಗಿದ್ದ ಹುಡುಗಿ. ತಾನು ಮಾಮೂಲಿ ಲಂಗದಲ್ಲೇ ಕುಣಿಯುವೆ, ಆಗುವುದಕ್ಕೆಲ್ಲ ತಾನೇ ಹೊಣೆ ಎಂದು 1860ರಲ್ಲಿ ಒಪೆರಾದ ನಿರ್ದೇಶಕರಿಗೆ ಬರೆದುಕೊಟ್ಟಳು. ಅದೇ ವರ್ಷ ತಾಲಿಯೋನಿ ಅವಳಿಗಾಗಿ ಸಂಯೋಜಿಸಿದ ಬ್ಯಾಲೆಯ ಹೆಸರು ‘ಚಿಟ್ಟೆ’. ಅದರ ಕಥೆಯಲ್ಲಿ ನಾಯಕಿಯ ರೆಕ್ಕೆ ದೀವಟಿಗೆಯ ಬೆಂಕಿಗೆ ಸುಡುತ್ತದೆ!

1862ರ ನವೆಂಬರ್ 15ರಂದು ಇನ್ನೊಂದು ಪ್ರದರ್ಶನದ ತಾಲೀಮು. ಪಕ್ಕದಲ್ಲಿ ತನ್ನ ಸರದಿಗಾಗಿ ಕಾಯುತ್ತಿದ್ದ ಎಮ್ಮಾಳ ಲಂಗ ಗ್ಯಾಸ್ ದೀಪಕ್ಕೆ ತಾಗಿತು. ಉರಿಯುತ್ತಲೇ ರಂಗದುದ್ದಕ್ಕೂ ಓಡಿದಳು. ಎಂಟು ತಿಂಗಳು ನರಳಿ 1863ರ ಜುಲೈನಲ್ಲಿ ಕಣ್ಣು ಮುಚ್ಚಿದಾಗ ಆಕೆಗೆ ಇನ್ನೂ 20 ವರ್ಷ. ಹಾಸಿಗೆ ಹಿಡಿದಾಗಲೂ, ಆ ದ್ರಾವಣದ ಲಂಗ ಕುರೂಪ, ಮತ್ತೆ ಕುಣಿಯುವಂತಾದರೂ ಅದನ್ನು ತೊಡಲಾರೆ ಎಂದಳಂತೆ. ಸುಟ್ಟುಳಿದ ಅವಳ ಉಡುಪಿನ ಚೂರುಗಳನ್ನು ಪ್ಯಾರಿಸ್ ಒಪೆರಾದ ಸಂಗ್ರಹಾಲಯ ಕಾಪಾಡಿಟ್ಟಿದೆ. ಇದನ್ನು ಹುಡುಗಿಯ ಹಟವೆಂದು ತಳ್ಳಿಹಾಕುವುದು ಸುಲಭ. ಆದರೆ ಹಳದಿ ಲಂಗದ ಗಾಳಿದೇವತೆಯನ್ನು ಒಪ್ಪದ ಪ್ರೇಕ್ಷಕರಿಂದಲೇ ಅವಳ ಅನ್ನ ಹುಟ್ಟಬೇಕಿತ್ತಲ್ಲವೇ?

ವಿದ್ಯುದ್ದೀಪ ಬಂದ ಮೇಲೆಯೇ ಈ ಭಯ ಇಳಿದದ್ದು. ಅಷ್ಟರಲ್ಲಿ ಲಂಗ ಮೊಣಕಾಲನ್ನೂ ದಾಟಿ ಮೇಲೇರಿ, ಕೊನೆಗೆ ಸೊಂಟದ ಸುತ್ತ ತಟ್ಟೆಯಂತೆ ಚಾಚಿಕೊಂಡಿತು. ‘ಟೂಟೂ’ ಎಂದರೆ ಇದೇ.

ಫ್ಯಾಷನ್ ಲೋಕವನ್ನು ಅಲುಗಿಸಿದ ಮುಂದಿನ ಅಲೆ ರಷ್ಯದ್ದು. ದ್ಯಾಗಿಲೆಫ್‌ನ ತಂಡ 1910ರಲ್ಲಿ ಪ್ಯಾರಿಸ್ಸಿನಲ್ಲಿ ‘ಷೆಹರಜಾದೆ’ ಆಡಿದಾಗ ಚಿತ್ರಕಾರ ಬಾಕ್ಸ್ಟ್ ಬಿಳುಪನ್ನೆಲ್ಲ ಒರೆಸಿಹಾಕಿದ. ಕಡುಹಸಿರು, ಕಿತ್ತಳೆ, ನೀಲಿ, ಜೊತೆಗೆ ಸಡಿಲ ಷರಾಯಿ. ಮರುವರ್ಷ ವಸ್ತ್ರವಿನ್ಯಾಸಕಾರ ಪಾಲ್ ಪ್ವಾರೆ ಮುನ್ನೂರು ಅತಿಥಿಗಳನ್ನು ಕರೆದು ‘ಸಾವಿರದ ಎರಡನೆಯ ರಾತ್ರಿ’ ಎಂಬ ಔತಣಕೂಟ ನಡೆಸಿದ. ಪೂರ್ವದೇಶದ ವೇಷ ತೊಡದವರಿಗೆ ಅಲ್ಲೇ ಬಟ್ಟೆ ಬದಲಿಸುವ ಶಿಕ್ಷೆ! ಬಾಕ್ಸ್ಟ್‌ನಿಂದ ತಾನೇನೂ ಕಲಿತಿಲ್ಲವೆಂದು ಪ್ವಾರೆ ಸಾಧಿಸುತ್ತಲೇ ಇದ್ದ. ಕೊಂಡವರಿಗೆ ಆ ಜಗಳ ಬೇಕಿರಲಿಲ್ಲ. ಇಬ್ಬರ ಪೂರ್ವದೇಶವೂ ಮುಕ್ಕಾಲು ಪಾಲು ಕಲ್ಪನೆಯದೇ. 1912ರ ‘ನೀಲಿ ದೇವರು’ ಬ್ಯಾಲೆಯಲ್ಲಿ ಮೈಗೆ ನೀಲಿ ಬಳಿದುಕೊಂಡು ಭಾರತದ ದೇವರಾಗಿ ಬಂದ ನಿಜಿನ್ಸ್‌ಕಿಯ ವೇಷದಲ್ಲಿ ಸಯಾಮಿನ ನರ್ತಕರ ಛಾಯೆಯಿತ್ತು.

ಬೀದಿಗೆ ಬಂದು ಉಳಿದದ್ದು ಮಾತ್ರ ಲಂಗವಲ್ಲ, ಷೂ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಚರ್ಮದ ಷೂಗಳಿಗೆ ರೇಷನ್ ಹಾಕಿತು. ಬ್ಯಾಲೆ ಚಪ್ಪಲಿಗೆ ಆ ಕಟ್ಟು ಇರಲಿಲ್ಲ. ವಿನ್ಯಾಸಕಾರ್ತಿ ಕ್ಲೇರ್ ಮೆಕಾರ್ಡೆಲ್, ಕಪೇಜಿಯೋ ಕಂಪನಿಯಿಂದ ಅದಕ್ಕೊಂದು ಗಟ್ಟಿ ಅಟ್ಟೆ ಹಾಕಿಸಿದಳು. 1956ರಲ್ಲಿ ನಟಿ ಬ್ರಿಜಿತ್ ಬಾರ್ದೋ (ಆಕೆಯೂ ಬ್ಯಾಲೆ ಕಲಿತವಳೇ) ಪ್ಯಾರಿಸ್ಸಿನ ರೋಸ್ ರೆಪೆತ್ತೋ ಅವರಿಂದ ಕೆಂಪು ಜೋಡಿಯೊಂದನ್ನು ಮಾಡಿಸಿಕೊಂಡಳು. ಇಂದು ಬೆಂಗಳೂರಿನ ಅಂಗಡಿಗಳಲ್ಲಿ ‘ಬ್ಯಾಲೆರಿನಾ’ ಎಂದು ಕೇಳಿದರೆ ತೆಗೆದುಕೊಡುವ ಚಪ್ಪಟೆ ಷೂ ಈ ವಂಶದ್ದೇ.

ಉಳಿದಿರುವುದು ಬಣ್ಣದ ಮಾತು. ಬ್ಯಾಲೆಯ ಕಾಲುಚೀಲ, ಷೂಗಳ ನಸುಗೆಂಪು ಬಿಳಿಯರ ಮೈಬಣ್ಣಕ್ಕೆ ಹೊಂದಿ, ಕಾಲು ಉದ್ದವಾಗಿ ಕಾಣಲೆಂದು ಆರಿಸಿದ್ದು. ಕಪ್ಪು ನರ್ತಕಿಯ ಕಾಲನ್ನು ಅದು ಪಾದದ ಗಂಟಿನಲ್ಲೇ ಕತ್ತರಿಸಿದಂತೆ ತೋರಿಸುತ್ತದೆ. ನ್ಯೂಯಾರ್ಕಿನಲ್ಲಿ ಆರ್ಥರ್ ಮಿಚೆಲ್ 1969ರಲ್ಲಿ ಕಟ್ಟಿದ ಹಾರ್ಲೆಮ್ ನೃತ್ಯತಂಡದವರು 1970ರ ದಶಕದಲ್ಲೇ ತಮ್ಮ ಕಾಲುಚೀಲಗಳಿಗೆ ತಮ್ಮ ಬಣ್ಣ ಹಾಕಿಕೊಂಡರು. ಬೇರೆಡೆ ನರ್ತಕಿಯರು ಮುಖಕ್ಕೆ ಹಚ್ಚುವ ಮೇಕಪ್ಪನ್ನೇ ತಮ್ಮ ದುಡ್ಡಿನಲ್ಲಿ ಕೊಂಡು, ಪ್ರತಿ ಹೊಸ ಜೋಡಿಗೂ ಸ್ಪಂಜಿನಿಂದ ಬಳಿಯುತ್ತಿದ್ದರು. ಕೆಲವೊಮ್ಮೆ ಒಂದೇ ಪ್ರದರ್ಶನಕ್ಕೆ ಸವೆದುಹೋಗುವ ಷೂ ಅದು. ಲಂಡನ್ನಿನ ಫ್ರೀಡ್ ಕಂಪನಿ ‘ಬ್ಯಾಲೆ ಬ್ಲ್ಯಾಕ್’ ತಂಡದೊಡನೆ ಸೇರಿ ಕಂದು ಹಾಗೂ ಕಂಚಿನ ಬಣ್ಣದ ಷೂಗಳನ್ನು ಹೊರತಂದದ್ದು 2018ರಲ್ಲಿ.