ದಾಳಗಳ ಸಾಕ್ಷ್ಯ



ಹನ್ನೆರಡು ದಾಳಗಳನ್ನು ಒಮ್ಮೆಗೇ ಉರುಳಿಸಿ, ಐದು ಅಥವಾ ಆರು ಬಿದ್ದುವನ್ನು ಗೆಲವೆಂದು ಎಣಿಸೋಣ. ಪ್ರತಿಯೊಂದಕ್ಕೂ ಗೆಲವಿನ ಸಂಭವ ಮೂರರಲ್ಲಿ ಒಂದು. ಆದುದರಿಂದ ಸರಾಸರಿ ನಾಲ್ಕು ಗೆಲವು. ಎರಡೋ ಆರೋ ಎಷ್ಟು ಸಲ ಬಂದಾವೆಂಬುದನ್ನೂ ದ್ವಿಪದ ವಿತರಣೆಯ ಸೂತ್ರವು ಮೊದಲೇ ಹೇಳುತ್ತದೆ. ಆದರೆ ಸೂತ್ರವನ್ನು ನಾವು ಪರೀಕ್ಷಿಸಿ ನೋಡಬೇಡವೇ?

ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞರಾದ ವೆಲ್ಡನ್ನರು ಇಂತಹ ೨೬,೩೦೬ ಎಸೆತಗಳ ಫಲವನ್ನು ೧೮೯೪ರಲ್ಲಿ ಗಾಲ್ಟನ್ನರಿಗೆ ಬರೆದು ತಿಳಿಸಿದರು. ಉರುಳಿದ ದಾಳಗಳ ಒಟ್ಟು ಲೆಕ್ಕ ೩,೧೫,೬೭೨. ಬರಬೇಕಾದ ಗೆಲವು ೧,೦೫,೨೨೪; ಬಂದುದು ೧,೦೬,೬೦೨. ಹೆಚ್ಚಳವು ೧,೩೭೮. ಇದು ಅಲ್ಪವೆಂದು ತೋರಬಹುದು. ಆದರೆ ಬರಿಯ ಆಕಸ್ಮಿಕದಿಂದ ಸಾಮಾನ್ಯವಾಗಿ ಉಂಟಾಗುವ ವ್ಯತ್ಯಾಸವು ಸುಮಾರು ೨೬೫ ಮಾತ್ರ. ೧೯೦೦ರಲ್ಲಿ ಕಾರ್ಲ್ ಪಿಯರ್ಸನ್ನರು ತಮ್ಮ ಕೈ-ವರ್ಗ ಪರೀಕ್ಷೆಯನ್ನು ಇದೇ ಅಂಕಿಗಳ ಮೇಲೆ ನಡೆಸಿ, ದಾಳಗಳಲ್ಲಿಯೇ ಪಕ್ಷಪಾತವಿದೆಯೆಂದು ತೀರ್ಮಾನಿಸಿದರು.

ಇಂದು ಗಣಕಯಂತ್ರವು ಅಷ್ಟೂ ಎಸೆತಗಳನ್ನು ಕ್ಷಣಮಾತ್ರದಲ್ಲಿ ಅನುಕರಿಸಿ ತೋರಿಸುತ್ತದೆ. ಆದರೆ ಅದು ಉರುಳಿಸುವುದು ನಾವು ಕಲ್ಪಿಸಿಕೊಟ್ಟ ನಿರ್ದುಷ್ಟವಾದ ದಾಳವನ್ನು. ಅದರ ಫಲವನ್ನು ಕೈಯಲ್ಲಿರುವ ದಾಳದ ಫಲದ ಪಕ್ಕದಲ್ಲಿರಿಸಿದಾಗಲೇ ದೋಷವು ಗೋಚರವಾಗುವುದು. ವೆಲ್ಡನ್ನರ ದಾಳಗಳಿಂದ ಸೂತ್ರವೇನೂ ಸುಳ್ಳಾಗಲಿಲ್ಲ. ಸಮಾನವೆಂದು ನಾವು ಭಾವಿಸಿದ್ದ ಮುಖಗಳು ಸಮಾನವಾಗಿರಲಿಲ್ಲ, ಅಷ್ಟೆ.