ಮನೆತನದ ಸಂಗೀತಕ್ಕೆ ಸಲ್ಲುವ ಸ್ಮರಣೆ

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿಯ ದಡದ ಮೇಲಿರುವ ರುದ್ರಪಟ್ಟಣ ಸಂಗೀತಗಾರರ ಊರೆಂದೇ ಹೆಸರುವಾಸಿ. ಸಂಕೇತಿ ಮನೆತನಗಳು ನೆಲೆಸಿದ ಈ ಸಣ್ಣ ಊರು ನಾಡಿಗೆ ಹಾಡುಗಾರರನ್ನು, ವೈಣಿಕರನ್ನು, ಪಿಟೀಲು ವಿದ್ವಾಂಸರನ್ನು ಕೊಡುತ್ತಲೇ ಬಂದಿದೆ. ಏಳು ತಂತಿಯ ಪಿಟೀಲಿನಿಂದ ಪ್ರಸಿದ್ಧರಾದ ಆರ್.ಆರ್. ಕೇಶವಮೂರ್ತಿ ಈ ಊರಿನವರು. ಗಾಯಕ ಆರ್.ಕೆ. ಪದ್ಮನಾಭ ಅವರೂ ಇಲ್ಲಿಯವರೇ. ಮನೆಯಲ್ಲಿ ಸಂಗೀತ ಬಲ್ಲವರೊಬ್ಬರು ಕಣ್ಮರೆಯಾದರೆ ಉಳಿದವರು ಅವರನ್ನು ಹೇಗೆ ನೆನೆಯಬೇಕು ಎಂಬ ಪ್ರಶ್ನೆಗೆ ಈ ಊರಿನ ಆರ್.ಕೆ. ಶ್ರೀಕಂಠನ್ ಅವರ ಬದುಕಿನಲ್ಲಿ ಒಳ್ಳೆಯ ಉತ್ತರವಿದೆ.

ಶ್ರೀಕಂಠನ್ ಹುಟ್ಟಿದ್ದು 1920ರ ಜನವರಿ 14ರಂದು. ತಂದೆ ಕೃಷ್ಣಶಾಸ್ತ್ರಿಗಳು ಸಂಸ್ಕೃತ ಮತ್ತು ಕನ್ನಡಗಳಲ್ಲಿ ವಿದ್ವಾಂಸರು. ಹರಿಕಥೆ, ನಾಟಕಗಳಲ್ಲೂ ಪರಿಶ್ರಮವಿದ್ದವರು. ಮೊದಲ ಪಾಠ ಅವರಿಂದಲೇ ಆಯಿತು. ಮುಂದೆ ಮೈಸೂರಿನಲ್ಲಿ, ಪಿಟೀಲು ವಿದ್ವಾಂಸರಾಗಿದ್ದ ಅಣ್ಣ ಆರ್.ಕೆ. ವೆಂಕಟರಾಮಶಾಸ್ತ್ರಿಗಳು ತಮ್ಮನನ್ನು ತಿದ್ದಿದರು. ಇನ್ನೊಬ್ಬ ಅಣ್ಣ ಆರ್.ಕೆ. ರಾಮನಾಥನ್ ಕೂಡ ಸಂಗೀತದವರೇ. ತಂದೆ ತೆರೆದ ದಾರಿಯಲ್ಲಿ ಅಣ್ಣ ಕೈಹಿಡಿದು ನಡೆಸಿದ. ಒಂದು ಮನೆಯ ವಿದ್ಯೆ ಸಾಮಾನ್ಯವಾಗಿ ಸಾಗುವ ಬಗೆಯೇ ಇದು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪದವಿ ಪಡೆದ ಶ್ರೀಕಂಠನ್ ಓದು ಮತ್ತು ಸಾಧನೆ ಎರಡನ್ನೂ ಬಿಡದೆ ನಡೆಸಿದರು.

ಮನೆಯೊಳಗಿನ ಈ ಪಾಠ ಎಂಥದೆಂಬುದನ್ನು ಹತ್ತಿರದಿಂದ ನೋಡಬೇಕು. ಮೊದಲ ಕೆಲಸ ತಂಬೂರಿಯನ್ನು ಶ್ರುತಿಗೆ ತರುವುದು. ಕುದುರೆಗೂ ತಂತಿಗೂ ನಡುವೆ ಸಿಕ್ಕಿಸಿದ ಸಣ್ಣ ನೂಲಿನೆಳೆಯನ್ನು ಕೂದಲೆಳೆಯಷ್ಟು ಆಚೀಚೆ ಸರಿಸುತ್ತಾ ಹೋದರೆ, ಒಂದು ಜಾಗದಲ್ಲಿ ನಾದ ತಾನಾಗಿಯೇ ತುಂಬಿಕೊಳ್ಳುತ್ತದೆ. ಆಮೇಲೆ ಮಾಯಾಮಾಳವಗೌಳದಲ್ಲಿ ಸರಳೆ ವರಸೆ, ಮೂರು ಕಾಲಗಳಲ್ಲಿ. ಗುರು ಒಂದು ಸಾಲು ಹಾಡಬೇಕು, ಶಿಷ್ಯ ಅದನ್ನೇ ಹಿಂದಿರುಗಿಸಬೇಕು. ತಪ್ಪಿದರೆ ಮತ್ತೆ ಮೊದಲಿನಿಂದ. ಪುಸ್ತಕದಲ್ಲಿ ಸ್ವರವನ್ನೂ ತಾಳವನ್ನೂ ಬರೆದಿಡಬಹುದು. ಆದರೆ ತೋಡಿಯ ಗಾಂಧಾರ ಹೇಗೆ ತೂಗಿ ಬರಬೇಕು ಎಂಬುದಕ್ಕೆ ಅಲ್ಲಿರುವುದು ‘ಗ’ ಎಂಬ ಒಂದೇ ಅಕ್ಷರ. ಆ ತೂಗು ಕಿವಿಯಿಂದ ಕಂಠಕ್ಕೆ ಇಳಿಯುವುದು ಎದುರಿಗೆ ಕೂತು ಕಲಿತಾಗ ಮಾತ್ರ. ಆದ್ದರಿಂದ, ಹಿರಿಯರು ಬಿಟ್ಟುಹೋದ ಪಾಠದ ಪುಸ್ತಕವನ್ನು ಜೋಪಾನ ಮಾಡಿದರಷ್ಟೇ ಸಾಲದು. ಅವರಿರುವಾಗಲೇ ಒಬ್ಬರಾದರೂ ಅವರ ಮುಂದೆ ಕೂತು ಕಲಿತಿರಬೇಕು.

ಶ್ರೀಕಂಠನ್ ಈ ವಿದ್ಯೆಯನ್ನು ಮನೆಯ ಗೋಡೆಗಳೊಳಗೇ ಇಟ್ಟುಕೊಳ್ಳಲಿಲ್ಲ. ಮೂರು ದಶಕಗಳಿಗೂ ಹೆಚ್ಚು ಕಾಲ ಆಕಾಶವಾಣಿಯಲ್ಲಿ ಕೆಲಸ ಮಾಡಿದರು. ಅವರು ನಡೆಸಿಕೊಡುತ್ತಿದ್ದ ‘ಗಾನವಿಹಾರ’ ಬಾನುಲಿಯ ಮೂಲಕವೇ ಸಂಗೀತ ಪಾಠ ಹೇಳಿಕೊಡುವ ಕಾರ್ಯಕ್ರಮವಾಗಿತ್ತು. ಗುರುವಿನ ಮನೆಗೆ ಹೋಗಿ ಕಲಿಯಲು ಅನುಕೂಲವಿಲ್ಲದವರಿಗೆ, ಹಳ್ಳಿಗಾಡಿನಲ್ಲಿ ಮನೆಗೆಲಸದ ನಡುವೆ ಬಿಡುವು ಮಾಡಿಕೊಂಡು ಕೂತವರಿಗೆ, ರೇಡಿಯೋ ಪೆಟ್ಟಿಗೆಯೇ ಗುರುವಾಯಿತು. ಎಂ.ಎಸ್. ಶೀಲಾ, ಟಿ.ಎಸ್. ಸತ್ಯವತಿ ಅವರಂಥ ಶಿಷ್ಯರು ಅವರಲ್ಲಿ ಕಲಿತು ತಾವೂ ದೊಡ್ಡ ಹೆಸರು ಪಡೆದರು. 1995ರಲ್ಲಿ ಮದರಾಸು ಸಂಗೀತ ಅಕಾಡೆಮಿಯ ‘ಸಂಗೀತ ಕಲಾನಿಧಿ’ ಗೌರವ, 2011ರಲ್ಲಿ ಪದ್ಮಭೂಷಣ ಅವರನ್ನು ಹುಡುಕಿಕೊಂಡು ಬಂದವು. ಶುದ್ಧ ಶ್ರುತಿ, ಸ್ಪಷ್ಟ ಉಚ್ಚಾರ, ಸಾಹಿತ್ಯದ ಮೇಲಿನ ಗೌರವ ಅವರ ಹಾಡುಗಾರಿಕೆಯ ಗುಣಗಳು. ತೊಂಬತ್ತು ದಾಟಿದ ಮೇಲೂ ಅವರು ವೇದಿಕೆ ಏರಿ ಕಛೇರಿ ನಡೆಸಿಕೊಟ್ಟರು. ಬದುಕಿನುದ್ದಕ್ಕೂ ಬಿಡದೆ ಮಾಡಿದ ಸಾಧನೆಯೇ ಆ ವಯಸ್ಸಿನಲ್ಲಿ ಕಂಠವನ್ನು ಕಾಯ್ದದ್ದು. 2014ರ ಫೆಬ್ರವರಿ 17ರಂದು ಬೆಂಗಳೂರಿನಲ್ಲಿ ಅವರು ನಿಧನರಾದರು.

ಅವರ ಸಂಗೀತ ಅಲ್ಲಿಗೆ ನಿಲ್ಲಲಿಲ್ಲ. ಮಗ ರಮಾಕಾಂತ್ ತಂದೆಯ ಪಾಠವನ್ನು ಕರ್ನಾಟಕ ಸಂಗೀತದಲ್ಲಿಯೇ ಮುಂದುವರಿಸಿದರು. ಮಗಳು ರತ್ನಮಾಲಾ ಪ್ರಕಾಶ್ ಸುಗಮ ಸಂಗೀತದ ದಾರಿ ಹಿಡಿದು, ಕನ್ನಡ ಭಾವಗೀತೆಗಳನ್ನು ಮನೆಮನೆಗೆ ಮುಟ್ಟಿಸಿದರು. ದಾರಿ ಬೇರೆಯಾದರೂ ಶ್ರುತಿಶುದ್ಧಿ, ಮಾತಿನ ಸ್ಪಷ್ಟತೆ ಎರಡು ಕಡೆಯೂ ಬೇಕು. ಆ ಬುನಾದಿ ಒಂದೇ ಮನೆಯದು. ಮನೆಯ ಹಿರಿಯರಿಂದ ಕಲಿತು ಬೆಳೆಯುವ ರೂಢಿ ಈ ಊರಿನ ಇತರ ಕಲಾವಿದರಲ್ಲೂ ಇದೆ. ರುದ್ರಪಟ್ಟಣ ಸಹೋದರರೆಂದು ಜೋಡಿ ಗಾಯನಕ್ಕೆ ಹೆಸರಾದ ತ್ಯಾಗರಾಜನ್ ಮತ್ತು ತಾರಾನಾಥನ್ ಅವರಿಗೆ ತಂದೆ ಆರ್.ಕೆ. ನಾರಾಯಣಸ್ವಾಮಿಯವರೇ ಗುರು. ಊರಿನ ಋಣ ತೀರಿಸಲು ಆರ್.ಕೆ. ಪದ್ಮನಾಭ ಅವರು ರುದ್ರಪಟ್ಟಣದಲ್ಲಿ ತಂಬೂರಿಯ ಆಕಾರದಲ್ಲೇ ಸಪ್ತಸ್ವರ ದೇವತಾ ಧ್ಯಾನ ಮಂದಿರವನ್ನು ಕಟ್ಟಿಸಿದರು. ವರ್ಷವರ್ಷವೂ ಅಲ್ಲಿ ಸಂಗೀತೋತ್ಸವ ನಡೆಯುವುದರಿಂದ ಪಟ್ಟಣ ಸೇರಿದವರೂ ತಾಯ್ನೆಲಕ್ಕೆ ಬಂದು ಹಾಡಿ ಹೋಗುತ್ತಾರೆ.

ರುದ್ರಪಟ್ಟಣದ ಮಾತು ರುದ್ರಪಟ್ಟಣಕ್ಕಷ್ಟೇ ಅಲ್ಲ. ಇದೇ ಜಿಲ್ಲೆಯ ಸಾಲಗಾಮೆಯಲ್ಲಾಗಲಿ, ಹೊಳೆನರಸೀಪುರ, ಚನ್ನರಾಯಪಟ್ಟಣ ಕಡೆಯ ಹಳ್ಳಿಗಳಲ್ಲಾಗಲಿ, ಬಿರುದು ಬಾವಲಿ ಇಲ್ಲದ ಹಾಡುಗಾರರು ಹಲವು ಮನೆಗಳಲ್ಲಿ ಇದ್ದಾರೆ. ಮದುವೆಯಲ್ಲಿ ಸೋಬಾನೆ ಹೇಳುವ ಅಜ್ಜಿ, ಭಜನೆ ಮೇಳದಲ್ಲಿ ಹಾರ್ಮೋನಿಯಂ ಹಿಡಿದು ಕೂರುವ ದೊಡ್ಡಪ್ಪ, ನಾಟಕದ ಮಟ್ಟುಗಳನ್ನು ನೆನಪಿನಲ್ಲಿಟ್ಟುಕೊಂಡ ಸೋದರಮಾವ ಇಂಥವರು. ಇವರು ಹೋದ ಮೇಲೆ ಪಟಕ್ಕೆ ಹಾರ ಹಾಕಿ, ತಿಥಿ ಮಾಡಿ, ‘ಎಷ್ಟು ಚೆನ್ನಾಗಿ ಹಾಡುತ್ತಿದ್ದರು’ ಎಂದು ಕಣ್ಣೊರೆಸಿಕೊಳ್ಳುವುದು ಸಹಜ. ಆದರೆ ಅವರಿಗೆ ಬರುತ್ತಿದ್ದ ಹಾಡು ಮನೆಯಲ್ಲಿ ಒಬ್ಬರಿಗೂ ಬಾರದೆ ಹೋದರೆ ಆ ನೆನಪು ಅರ್ಧಕ್ಕೇ ನಿಂತಂತೆ.

ಹಿರಿಯರು ಇರುವಾಗ ಮಾಡಬೇಕಾದ ಕೆಲಸಗಳು ಕಷ್ಟದವಲ್ಲ. ಅವರ ಹಾಡನ್ನು ಮೊಬೈಲಿನಲ್ಲಾದರೂ ಧ್ವನಿಮುದ್ರಿಸಬೇಕು. ಯಾವ ಹಾಡು, ಯಾವ ಸಂದರ್ಭದ್ದು, ಯಾರಿಂದ ಕಲಿತದ್ದು ಎಂದು ಕೇಳಿ ಬರೆದಿಡಬೇಕು. ಅದಕ್ಕಿಂತ ಮುಖ್ಯವಾಗಿ, ಮನೆಯ ಮಕ್ಕಳನ್ನು ಅವರ ಮುಂದೆ ಕೂರಿಸಿ ಒಂದೆರಡು ಹಾಡನ್ನಾದರೂ ಪೂರ್ತಿ ಕಲಿಸಬೇಕು. ಹಿರಿಯರು ಹೋದ ಮೇಲೆ, ವರ್ಷದ ಆ ದಿನ ಮನೆಯವರೆಲ್ಲ ಸೇರಿ ಆ ಹಾಡುಗಳನ್ನೇ ಹಾಡಬೇಕು. ಎಲ್ಲ ಮಕ್ಕಳಿಗೂ ಒಂದೇ ಸಮನಾದ ಕಂಠ ಒಲಿಯುವುದಿಲ್ಲ. ಆದರೆ ಕಲಿಯುವ ಶ್ರದ್ಧೆ, ತಪ್ಪಿದ್ದನ್ನು ಮತ್ತೆ ಮೊದಲಿನಿಂದ ಹಾಡುವ ತಾಳ್ಮೆ ಯಾರಿಗೂ ಬರಬಹುದು. ಕೃಷ್ಣಶಾಸ್ತ್ರಿಗಳಿಂದ ಮಗನಿಗೂ ಅಣ್ಣನಿಂದ ತಮ್ಮನಿಗೂ ಬಂದ ವಿದ್ಯೆಯನ್ನು ನಾಡಿನುದ್ದಕ್ಕೂ ಮುಟ್ಟಿಸಿದ್ದು ಈ ಶ್ರದ್ಧೆಯೇ. ಸಂಗೀತ ಬಲ್ಲ ಹಿರಿಯರಿಗೆ ಮನೆಯವರು ಸಲ್ಲಿಸಬಹುದಾದ ನಿಜವಾದ ಗೌರವವೂ ಇದರಲ್ಲೇ ಇದೆ.